ತವರುಮನೆಯ ಚುಕ್ಕೆಗಳು

"ಇದರಾಗ ಏನೂ ಇಲ್ರಿ ಮೇಡಂ," ಎಂದ ಪರಮೇಶ್ವರ. ಬೆಳಗಿನಿಂದ ಅದೇ ರಾಗ.

ಇನ್ಸ್‌ಪೆಕ್ಟರ್ ನೀಲಾಬಾಯಿ ಹಂಗರಗಿ ನೆತ್ತಿಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಕಂಪ್ಯೂಟರ್ ಪರದೆಯತ್ತ ಬಗ್ಗಿದಳು. ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ನಕ್ಷೆ. ಮೇಲೆಲ್ಲ ಕೆಂಪು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು. ಅಷ್ಟು ಅವಳಿಗೆ ತಿಳಿದಿತ್ತು. ಅದಕ್ಕಿಂತ ಹೆಚ್ಚು ತಿಳಿಯಲಿ ಎಂದು ನೋಡಿದರೆ, ಸಾಸಿವೆ ಡಬ್ಬಿ ಕೈಜಾರಿ ಬಿದ್ದ ಅಡುಗೆಮನೆಯ ನೆಲದಂತೆ ಕಾಣುತ್ತಿತ್ತು.

ಸೇವಾ ಸಂಸ್ಥೆಯೊಂದರ ಸಮೀಕ್ಷೆಗಾಗಿ ಈ ಆನ್‌ಲೈನ್ ನಕ್ಷೆ ಮಾಡಿದ ಸಿದ್ದಲಿಂಗೇಶ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಅಥಣಿ ರಸ್ತೆಯಲ್ಲಿ ಬೈಕಿನ ಮೇಲೆ ಬರುತ್ತಿದ್ದವನನ್ನು ಯಾವುದೋ ಗಾಡಿ ಹಿಂದಿನಿಂದ ಗುದ್ದಿ ಹೋಗಿತ್ತು. ಬೈಕು ಅಲ್ಲೇ ಬಿದ್ದಿತ್ತು, ಕೊರಳಲ್ಲಿ ಚಿನ್ನದ ಸರ ಹಾಗೇ ಇತ್ತು. ಲ್ಯಾಪ್‌ಟಾಪ್ ಇದ್ದ ಚೀಲ ಮಾತ್ರ ಮಾಯ. ಗುದ್ದಿ ಓಡುವವನು ಸರ ಬಿಟ್ಟು ಚೀಲ ಯಾಕೆ ಒಯ್ದ ಎಂದು ಕೇಳಿದರೆ, ದಾರಿಹೋಕರು ಯಾರೋ ಎತ್ತಿಕೊಂಡಿರಬೇಕು, ಅಪಘಾತ ಅಂತ ಬರೆದು ಮುಗಿಸಿಬಿಡಿ ಎಂದು ಸಾಹೇಬರು ಅಪ್ಪಣೆ ಕೊಟ್ಟಿದ್ದರು. ಚಿನ್ನ ಬಿಟ್ಟು ಚೀಲ ಕದಿಯುವ ದಾರಿಹೋಕರು ಯಾವ ಲೋಕದವರೋ ದೇವರೇ ಬಲ್ಲ.

"ಏನೂ ಇಲ್ಲದ ನಕ್ಷೆಗೋಸ್ಕರ ಒಬ್ಬನ ಜೀವ ತಗಿಯಾಕ ಹೋಗ್ತಾರನು?" ಎಂದಳು.

"ಪ್ಯಾಟರ್ನ್ ಇಲ್ರಿ."

ಆ ಶಬ್ದ ಕೇಳಿದರೆ ನೀಲಾಬಾಯಿಗೆ ಪಿತ್ತ ನೆತ್ತಿಗೇರುತ್ತಿತ್ತು. ಪರಮೇಶ್ವರ ಪಾಪ, ಸಿದ್ದಲಿಂಗೇಶನ ಜೊತೆಗೆ ಅದೇ ಸೇವಾ ಸಂಸ್ಥೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುವವನು, ಕೆಟ್ಟವನಲ್ಲ. ಆದರೆ ಗೋಳಗುಮ್ಮಟದ ಎದುರಿನ ಗಲ್ಲಿಯಲ್ಲಿ, ಬಳೆ ಅಂಗಡಿಯ ಮೇಲಿನ ಈ ಇಕ್ಕಟ್ಟಿನ ಕೋಣೆಯಲ್ಲಿ, ಫ್ಯಾನಿಲ್ಲದೆ, ಅವನ ಬಾಯಿಂದ ಆ ಶಬ್ದವನ್ನು ಕೇಳುತ್ತ ಕೂರುವುದು ಯಾವ ಜನ್ಮದ ಪಾಪವೋ ಎನಿಸಿತ್ತು. ಅವನು ಮತ್ತೊಮ್ಮೆ ಎಲ್ಲವನ್ನೂ ತೋರಿಸಿದ. ಬೋರ್‌ವೆಲ್ ನೀರು ಕೆಟ್ಟಿರುವ ಕಡೆ ನೀಲಿ ಬಣ್ಣ, ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಕಡೆ ಕಂದು, ಇಟ್ಟಿಗೆ ಭಟ್ಟಿಯ ಹೊಗೆಗೆ ಕಪ್ಪು. ಒಂದರ ಮೇಲೊಂದು ಹಾಸಿದರೂ ಕೆಂಪು ಚುಕ್ಕೆಗಳು ಯಾವುದರ ಜೊತೆಗೂ ಕೂಡುತ್ತಿರಲಿಲ್ಲ. ರೋಗ ಒಂದು ಕಡೆ, ಮಾಲಿನ್ಯ ಇನ್ನೊಂದು ಕಡೆ.

ಸಮೀಕ್ಷೆಯ ಮುಖ್ಯಸ್ಥೆ ಡಾಕ್ಟರ್ ವಿಜಯಲಕ್ಷ್ಮೀ ಕೂಡ ಅದನ್ನೇ ಹೇಳಿದ್ದಳು. ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ, ಅದಕ್ಕೆ ಕೂಸು ನಿಲ್ಲುತ್ತಿಲ್ಲ, ನಕ್ಷೆಯಿಂದ ಏನೂ ಸಿಗುವುದಿಲ್ಲ ಎಂದು ನೀಲಾಬಾಯಿಗೆ ಚಹಾ ಕುಡಿಸಿ ತಿಳಿಸಿಹೇಳಿದ್ದಳು.

"ಸಿದ್ದಲಿಂಗೇಶ ಕಡೀಗೆ ಯಾರ ಮನಿಗೆ ಹೋಗಿದ್ದ?"

ಪರಮೇಶ್ವರ ಒತ್ತಿದ. ಘೋಣಸಗಿಯ ಒಂದು ಚುಕ್ಕೆ ಅರಳಿತು. ಬೋರವ್ವ ಎಂಬವರ ಮನೆ, ಮಗಳ ಹೆಸರು ಗೀತಾಂಜಲಿ. ಸಿದ್ದಲಿಂಗೇಶ ಸರ್ವೇ ಮಾಡುವ ಹೆಣ್ಣುಮಕ್ಕಳ ಜೊತೆ ಎಲ್ಲರ ಮನೆಗೂ ಒಮ್ಮೆ ಹೋದವನು, ಈ ಮನೆಗೆ ಮಾತ್ರ ಎರಡನೆಯ ಸಲ ಹೋಗಿದ್ದ. ಅಲ್ಲಿಂದ ಮರಳುವಾಗಲೇ ಗಾಡಿ ಗುದ್ದಿತ್ತು.

"ಇದನ್ನ ಮುಂಜಾನೆನ ಹೇಳಾಕ ಏನಾಗಿತ್ತು ನಿನಗ?"

ನೀವು ಪ್ಯಾಟರ್ನ್ ಕೇಳಿದ್ರಿ, ಎರಡನೇ ಸಲದ್ದು ಕೇಳಲಿಲ್ಲ ಎಂದ ಪರಮೇಶ್ವರ. ನೀಲಾಬಾಯಿ ಹಲ್ಲು ಕಚ್ಚಿ ಮೆಟ್ಟಿಲಿಳಿದಳು.

*

ಘೋಣಸಗಿಯ ದಾರಿಯುದ್ದಕ್ಕೂ ಜೀಪಿನ ಡ್ರೈವರ್ ಮುನಾಫ ತನ್ನ ಹಲ್ಲುನೋವಿನ ಕಥೆ ಹೇಳಿದ. ನಡುವೆ ಸಾಹೇಬರ ಫೋನು ಬಂತು. ಕಾಗದ ಇನ್ನೂ ಯಾಕೆ ಮುಗಿದಿಲ್ಲ ಎಂದು ಕೇಳಿದರು. ನೀಲಾಬಾಯಿ ಕೇಳಿಸುತ್ತಿಲ್ಲ ಎಂದು ಹೇಳಿ ಕತ್ತರಿಸಿದಳು. ಚೆನ್ನಾಗಿಯೇ ಕೇಳಿಸುತ್ತಿತ್ತು.

ಬೋರವ್ವ ಕುರಿದೊಡ್ಡಿಯ ಬಾಗಿಲಲ್ಲೇ ಅಡ್ಡ ನಿಂತಳು. ಖಾಕಿ ನೋಡಿದರೂ ಅಂಜಲಿಲ್ಲ.

"ಮತ್ತ ಬರಕೊಳ್ಳಾಕ ಬಂದೀರೇನ್ರಿ? ಬಂದವರೆಲ್ಲಾ ಬರಕೊಂಡ ಹೋಗ್ಯಾರ. ನನ್ನ ಮಗಳ ಹೊಟ್ಟ್ಯಾಗ ಒಂದ ಕೂಸರ ನಿಂತೈತೇನು ಅದರಿಂದ?"

ನೀಲಾಬಾಯಿ ಬರಿಗೈ ತೋರಿಸಿದಳು. ಬರೆದುಕೊಳ್ಳುವುದಿಲ್ಲ, ಒಂದು ಗುಟುಕು ನೀರು ಕೊಡವ್ವ ಎಂದಳು. ನೀರು ಕೇಳಿದವರಿಗೆ ಇಲ್ಲ ಎನ್ನಲಾಗದೆ ಬೋರವ್ವ ಬಾಗಿಲು ಬಿಟ್ಟಳು.

ಒಳಗೆ ಕೌದಿಯ ಮೇಲೆ ಗೀತಾಂಜಲಿ ಕೂತಿದ್ದಳು. ಮೊಣಕೈವರೆಗೂ ಸೀಮಂತದ ಹೊಸ ಹಸಿರು ಬಳೆ, ಮುಖ ಮಾತ್ರ ಬೂದಿ ಬಣ್ಣ. ಎರಡು ಸಲ ಬಸುರಾಗಿ ಎರಡು ಸಲವೂ ಕೂಸು ಹೋಗಿತ್ತು. ಇದು ಮೂರನೆಯದು, ಏಳು ತುಂಬಿತ್ತು. ಈ ಸಲವೂ ಹೋದರೆ ಮಗನಿಗೆ ಬೇರೆ ಹೆಣ್ಣು ತರುತ್ತೇನೆ ಎಂದು ಅತ್ತೆ ಊರೆಲ್ಲ ಕೇಳುವಂತೆ ಹೇಳಿಬಿಟ್ಟಿದ್ದಳು ಎಂದು ಬೋರವ್ವ ನೀರು ಕೊಡುತ್ತಲೇ ಒದರಿದಳು. ಹುಡುಗಿ ತಲೆ ಎತ್ತಲಿಲ್ಲ. ಕೈ ಮಾತ್ರ ಹೊಟ್ಟೆಯ ಮೇಲಿಂದ ಸರಿಯಲಿಲ್ಲ. ಒದೆಯುತ್ತದೆಯೇ ಎಂದು ನೀಲಾಬಾಯಿ ಕೇಳಿದ್ದಕ್ಕೆ, ನಿನ್ನೆಯಿಂದ ಕಡಿಮೆ ಎಂದು ಪಿಸುಗುಟ್ಟಿದಳು.

ನೀಲಾಬಾಯಿಗೆ ಸಂಕಟವಾಯಿತು. ಸಂಕಟವಾದಾಗಲೆಲ್ಲ ಅವಳ ದನಿ ಗಡುಸಾಗುತ್ತಿತ್ತು.

"ಆ ನಕ್ಷೆದ ಹುಡುಗ ಎರಡನೇ ಸಲ ಯಾಕ ಬಂದಿದ್ದ?"

"ಏನಿಲ್ರಿ. ಬಾಯಿ ತಗಿ ಅಂದ್ರು, ಒಸಡ ನೋಡಿದ್ರು. ಆಮ್ಯಾಲ ನಿನ್ನ ಗಂಡನ ಮನಿ ಎಲ್ಲೈತಿ ಅಂತ ಕೇಳಿದ್ರು. ಹೇಳಿದೆ. ಹೊಂಟಬಿಟ್ರು."

"ಅಷ್ಟೇನಾ?"

"ಅಷ್ಟರಿ. ನಾ ಹೇಳಿದ್ದ ಕೇಳಿ ಅವರ ಮಾರಿನ ಸಪ್ಪಗಾತು."

"ನೀ ಇಲ್ಲಿಗೆ ಯಾವಾಗ ಬಂದಿ?"

"ಮೊನ್ನಿ ಕುಬಸ ಮಾಡಿ ಕರಕೊಂಡ ಬಂದ್ರು."

"ಮತ್ತ ಮೊದಲ ಎರಡ ಕೂಸು?"

"ಅವು ಅಲ್ಲೇ ಹೋದ್ವು, ಗಂಡನ ಮನ್ಯಾಗ. ಹೋದಮ್ಯಾಲ ಅವ್ವ ಬಂದು ಇಲ್ಲಿಗೆ ತಂದು ಮಲಗಿಸಿದ್ಲು. ಸರ್ವೇದವರು ಬಂದಾಗ ಇಲ್ಲೇ ಮಲಗಿದ್ದೆ."

ನೀಲಾಬಾಯಿ ನೀರಿನ ತಂಬಿಗೆಯನ್ನು ನೆಲಕ್ಕಿಟ್ಟಳು.

ಈ ಕಡೆಯ ಪ್ರತಿ ಹೆಣ್ಣುಮಗಳೂ ಹೆರುವುದಕ್ಕೆ ತವರಿಗೇ ಬರುತ್ತಾಳೆ, ಕೂಸು ಹೋದರೂ ಮೈ ಸುಧಾರಿಸಿಕೊಳ್ಳಲು ತವರಿಗೇ ಬರುತ್ತಾಳೆ. ನೀಲಾಬಾಯಿ ತಾನೇ ಇಂಡಿ ಪಟ್ಟಣದ ತವರಿನಲ್ಲಿ ಹೆತ್ತವಳು. ಸರ್ವೇ ಮಾಡುವ ಹೆಣ್ಣುಮಕ್ಕಳೂ ಹಾಗೇ ಹೆತ್ತವರು. ಆದರೂ ಎಲ್ಲರೂ ಬಾಣಂತಿ ಮಲಗಿದ್ದ ಮನೆಯ ಹೊಸ್ತಿಲಲ್ಲಿ ನಿಂತು ಫೋನಿನ ಗುಂಡಿ ಒತ್ತಿದ್ದರು. ಫೋನು ತಾನಿದ್ದ ಜಾಗವನ್ನೇ ಗುರುತು ಹಾಕಿಕೊಂಡಿತ್ತು. ಬೇನೆ ಹತ್ತಿದ್ದು ಒಂದೂರಲ್ಲಿ, ಚುಕ್ಕೆ ಬಿದ್ದದ್ದು ಇನ್ನೊಂದೂರಲ್ಲಿ. ಒಂದೇ ಜಾಗಕ್ಕೆ ಕೊಟ್ಟ ಹೆಣ್ಣುಮಕ್ಕಳು ನೂರು ದಿಕ್ಕಿನ ತವರಿಗೆ ಮರಳಿದರೆ ಚುಕ್ಕೆ ಚೆಲ್ಲಾಪಿಲ್ಲಿಯಾಗದೆ ಇನ್ನೇನು? ಇಷ್ಟು ಜನ ಓದಿದವರು, ಇಷ್ಟು ಕಂಪ್ಯೂಟರು, ಇಷ್ಟು ಬಣ್ಣ. ಹುಡುಗಿಯ ಗಂಡನ ಮನೆ ಯಾವುದು ಎಂದು ಕೇಳುವುದು ಒಬ್ಬರಿಗೂ ಹೊಳೆಯಬಾರದೇ? ಅವಳಿಗೆ ಯಾರನ್ನು ಬೈಯಬೇಕೋ ತಿಳಿಯದೆ ಮೊದಲು ತನ್ನನ್ನೇ ಬೈದುಕೊಂಡಳು.

ಹೊರಗೆ ಬಂದು ಪರಮೇಶ್ವರನಿಗೆ ಫೋನು ಹಚ್ಚಿದಳು. ಪ್ರತಿ ಚುಕ್ಕೆಯ ಜೊತೆಗೂ ಒಂದು ಫೋನ್ ನಂಬರು ಇದೆಯಲ್ಲ, ಎಲ್ಲರಿಗೂ ಕರೆ ಮಾಡು, ಗಂಡನ ಮನೆ ಎಲ್ಲಿ ಎಂದು ಕೇಳು, ಚುಕ್ಕೆಯನ್ನು ಅಲ್ಲಿಗೆ ಸರಿಸು ಎಂದಳು.  ಅವನು "ಅಯ್ಯ ನಮ್ಮಪ್ಪನ," ಎಂದಷ್ಟೇ ಹೇಳಿ ಫೋನಿಟ್ಟ.

ಮರಳಿ ಒಳಗೆ ಹೋಗಿ ಗೀತಾಂಜಲಿಗೆ ಬಾಯಿ ತೆರೆಯಲು ಹೇಳಿದಳು. ಹಲ್ಲು ಹುಟ್ಟುವ ಅಂಚಿಗೆ, ಒಸಡಿನುದ್ದಕ್ಕೂ ನೀಲಿಗಪ್ಪು ಗೆರೆ, ಕಾಡಿಗೆಯಿಂದ ಎಳೆದ ಹಾಗೆ.

ಗಂಡನ ಮನೆಯ ಬಗ್ಗೆ ಕೇಳಿದಾಗ ಹುಡುಗಿ ಮೆಲ್ಲಗೆ ಬಾಯಿ ಬಿಟ್ಟಳು. ಬಬಲೇಶ್ವರದಾಚೆ ತೋಟದ ವಸ್ತಿಯ ಮನೆ. ಪಕ್ಕದಲ್ಲೇ ಸಂಗನಬಸವ ಎಂಬ ದೊಡ್ಡ ಬೆಳೆಗಾರರ ಮಣೂಕದ, ಅಂದರೆ ಒಣದ್ರಾಕ್ಷಿಯ ಶೆಡ್ಡು. ದ್ರಾಕ್ಷಿ ಒಣಗಿಸುವ ಕಾಲ ಮುಗಿದ ಮೇಲೂ ಅಲ್ಲಿಂದ ಹೊಗೆ ಬರುತ್ತದೆ. ಹೊಗೆ ಬಂದ ದಿನ ಬಾಯಿ ಒಂದು ನಮೂನೆ ಸಿಹಿಯಾಗುತ್ತದೆ. ಹಳೆಯ ಬ್ಯಾಟರಿ ತುಂಬಿದ ಗಾಡಿಗಳು ಒಳಗೆ ಹೋಗುವುದನ್ನು ಅವಳು ಕಂಡಿದ್ದಳು. ಗಂಡ ಶಿವಲಿಂಗನ ಕುರಿಗಳು ಆ ಬದುವಿನಲ್ಲಿ ಮೇದು ಒದ್ದಾಡಿ ಸತ್ತಿದ್ದವು. ಅದನ್ನು ಯಾರಿಗೂ ಹೇಳಬೇಡ ಎಂದು ಅತ್ತೆ ಬಾಯಿ ಕಟ್ಟಿದ್ದಳು, ಯಾಕೆಂದರೆ ಮನೆಯ ಎಲ್ಲರೂ ಕೂಲಿಗೆ ಹೋಗುವುದು ಸಂಗನಬಸವರ ತೋಟಕ್ಕೇ.

ನೀಲಾಬಾಯಿ ಡಾಕ್ಟರ್ ವಿಜಯಲಕ್ಷ್ಮೀಗೆ ಫೋನು ಮಾಡಿದಳು. ಚುಕ್ಕೆಗಳ ತಪ್ಪು ಹೇಳಿದಳು, ಪರಮೇಶ್ವರ ಅವನ್ನು ಸರಿಸುತ್ತಿರುವುದನ್ನು ಹೇಳಿದಳು, ಬ್ಯಾಟರಿ ಗಾಡಿಗಳನ್ನು ಹೇಳಿದಳು, ಒಸಡಿನ ಗೆರೆಯನ್ನೂ ಹೇಳಿದಳು. ಹೇಳುತ್ತ ಹೇಳುತ್ತ ದನಿಯಲ್ಲಿ ಸ್ವಲ್ಪ ಜಂಬವೂ ಬಂತು.

"ಕಬ್ಬಿಣದ ಗುಳಿಗಿ ತಿಂದ್ರ ಹಂಗ ಆಗ್ತದರಿ ಅಕ್ಕಾರ," ಎಂದಳು ಡಾಕ್ಟರು. ದನಿ ಯಾವಾಗಲೂ ಹಾಗೇ ಮೆತ್ತಗೆ. "ಆದ್ರೂ ಬಿಡೂದು ಬ್ಯಾಡ. ನಾ ತಿಕೋಟಾದಾಗ ಅದೇನಿ. ನಾನ ಬಂದು ಆಕಿನ್ನ ವಿಜಯಪುರಕ್ಕ ಕರಕೊಂಡ ಹೋಗ್ತೀನಿ. ರಕ್ತ ತಪಾಸಣಿ ಮಾಡಸೋಣ."

ಒಬ್ಬರಾದರೂ ಕೇಳಿದ ಕೂಡಲೇ ಆಯಿತು ಎಂದರಲ್ಲ ಎಂದು ನೀಲಾಬಾಯಿಗೆ ಜೀವ ಹಗುರವಾಯಿತು. ಡಾಕ್ಟರು ಬಂದರೆ ಸುಮ್ಮನೆ ಹೋಗು, ನಿನ್ನ ರಕ್ತವೇ ಸಾಕ್ಷಿ, ಕೂಸೂ ಉಳಿಯುತ್ತದೆ ಎಂದು ಗೀತಾಂಜಲಿಗೆ ಹೇಳಿದಳು. ಹುಡುಗಿ ಮೊದಲ ಸಲ ಮುಖವೆತ್ತಿ ನೋಡಿದಳು.

"ಖರೇನ ಉಳಿತೈತೇನ್ರಿ?"

"ಉಳಿತೈತಿ," ಎಂದಳು ನೀಲಾಬಾಯಿ. ಹೇಳಬಾರದಿತ್ತು, ಹೇಳಿಬಿಟ್ಟಳು.

*

ಬಬಲೇಶ್ವರ ದಾಟಿ ಜೀಪು ನಿಲ್ಲುವಷ್ಟರಲ್ಲಿ ಪರಮೇಶ್ವರನ ಫೋನು ಬಂತು.  ಘೋಣಸಗಿ ಬಿಡುವಾಗ ನೀಲಾಬಾಯಿ ತಿಳಿಸಿದ್ದ ಒಸಡಿನ ಗೆರೆಯ ಬಗ್ಗೆ ಹುಡುಕಿದ್ದ, ಅದು ಕಬ್ಬಿಣದ್ದಲ್ಲ, ಸೀಸದ್ದು. ಹಳೆ ಬ್ಯಾಟರಿ ಒಡೆದು ಒಳಗಿನ ಸೀಸವನ್ನು ಕರಗಿಸಿದರೆ ಬರುವ ಹೊಗೆ ಮೈಗೆ ಸೇರಿ ಹಾಗಾಗುತ್ತದೆ. ಬಸುರಿಯರ ಹೊಟ್ಟೆಯಲ್ಲಿ ಕೂಸು ಉಳಿಯುವುದಿಲ್ಲ.

ಡಾಕ್ಟರಾದವರಿಗೆ ಇಷ್ಟು ಗೊತ್ತಾಗುವುದಿಲ್ಲವೇ ಎಂದು ನೀಲಾಬಾಯಿ ರೇಗಿದಳು. ಇವರಿಗೆ ಎಲ್ಲದಕ್ಕೂ ಕಬ್ಬಿಣದ ಗುಳಿಗೆಯೊಂದೇ.

"ಚುಕ್ಕಿ ಏನಾದ್ವು?"

"ಬಹಳಷ್ಟು ಸರಿಸೀನಿ. ಎಲ್ಲಾ ಒಂದ ಕಡೆ ಬಂದು ಕುಂತಾವ್ರಿ ಮೇಡಂ. ಒಂದರ ಮ್ಯಾಲ ಒಂದು. ನಡುವ ಒಂದು ತಗಡಿನ ಶೆಡ್ಡು ಕಾಣಾಕತ್ತದ."

"ಅದ ಶೆಡ್ಡಿನ ಮುಂದ ನಮ್ಮ ಜೀಪು ನಿಂತದ," ಎಂದಳು ನೀಲಾಬಾಯಿ.

ಸಂಗನಬಸವರು ಗೇಟಿಗೇ ಎದುರು ಬಂದರು. ಬಿಳಿ ಅಂಗಿ, ಬಿಳಿ ಧೋತ್ರ, ಮುಖದ ತುಂಬ ಉಪಚಾರ. ಚಹಾ ಆಗಲಿ, ಮಜ್ಜಿಗೆ ಆಗಲಿ, ಮಣೂಕ ರುಚಿ ನೋಡಲಿ ಎಂದು ಒಂದೇ ಸಮನೆ ಹೇಳಿದರು. ನೀಲಾಬಾಯಿ ಅವರನ್ನು ದಾಟಿ ಶೆಡ್ಡಿನತ್ತ ನಡೆದಳು. ದ್ರಾಕ್ಷಿ ಹರವುವ ಬಲೆಗಳು ಸುತ್ತಿಟ್ಟಿದ್ದವು, ದೂಳು ಕೂತಿತ್ತು. ಅದರ ಕೊನೆಯಲ್ಲಿ ತಗಡಿನ ಒಂದು ಕೋಣೆ, ಬಾಗಿಲಿಗೆ ಹೊಸ ಬೀಗ. ಅಲ್ಲಿಂದ ಗಾಳಿ ಹೋಗುವ ದಿಕ್ಕಿನ ಬೇವಿನ ಮರ ಶ್ರಾವಣದಲ್ಲೂ ಬೋಳಾಗಿ ನಿಂತಿತ್ತು. ಇನ್ನೊಂದು ಬದಿಯ ಬೇವು ಹಚ್ಚಗಿತ್ತು.

"ಕೀಲಿ ತಗೀರಿ."

"ಅದು ಗಂಧಕದ ಹೊಗಿ ಹಾಕೋ ಖೋಲಿರಿ. ಮಣೂಕಕ್ಕ ಬಣ್ಣ ಬರಬೇಕಂದ್ರ ಎಲ್ಲಾರೂ ಹಾಕ್ತಾರ."

"ಶ್ರಾವಣದಾಗ ಯಾವ ದ್ರಾಕ್ಷಿಗೆ ಹಾಕ್ತೀರಿ?"

ಕೀಲಿ ಮನೆಯಲ್ಲಿದೆ ಎಂದರು. ತರಿಸಿ ಎಂದಳು. ಮನೆಯವರು ಊರಿಗೆ ಹೋಗಿದ್ದಾರೆ ಎಂದರು. ಮುನಾಫ ಜೀಪಿನ ಜಾಕ್ ರಾಡು ಹಿಡಿದು ಬಂದು ನಿಂತಾಗ ಕೀಲಿ ಅವರ ಕಿಸೆಯಲ್ಲೇ ಸಿಕ್ಕಿತು.

ಒಳಗೆ ಗಂಧಕದ ವಾಸನೆಯೇ ಇರಲಿಲ್ಲ. ಸುಟ್ಟ ಕಬ್ಬಿಣದ ಕಡಾಯಿ, ಇದ್ದಿಲು, ಬೂದಿ. ತಾಡಪತ್ರಿಯ ಕೆಳಗೆ ಒಡೆದ ಬ್ಯಾಟರಿಗಳ ಕಪ್ಪು ಡಬ್ಬಿಗಳು ಗುಡ್ಡೆ ಬಿದ್ದಿದ್ದವು. ಮೂಲೆಯಲ್ಲಿ ಬೂದು ಬಣ್ಣದ ಗಟ್ಟಿಗಳನ್ನು ಸಾಬೂನಿನ ಹಾಗೆ ಒಪ್ಪವಾಗಿ ಜೋಡಿಸಿಟ್ಟಿದ್ದರು.

ಸಂಗನಬಸವರ ಉಪಚಾರ ಇಳಿಯಿತು. ಶೆಡ್ಡು ಬಾಡಿಗೆಗೆ ಕೊಟ್ಟಿದ್ದೇನೆ, ಒಳಗೆ ಏನು ಮಾಡುತ್ತಾರೋ ತನಗೆ ಗೊತ್ತಿಲ್ಲ, ತನ್ನನ್ನು ಮುಟ್ಟಿದರೆ ಮೇಲಿನವರಿಗೆ ಹೇಳಬೇಕಾಗುತ್ತದೆ ಎಂದರು. ಇಂಥದ್ದನ್ನು ನೀಲಾಬಾಯಿ ಬೇಕಾದಷ್ಟು ಕೇಳಿದ್ದಳು. ಅವಳು ಮೊಬೈಲಿನಲ್ಲಿ ನಕ್ಷೆ ತೆರೆದು ಅವರ ಮುಖದ ಮುಂದೆ ಹಿಡಿದಳು.

"ಇವು ಕೂಸು ಹೋದ ಹೆಣ್ಣಮಕ್ಕಳು. ನಿಮ್ಮ ಶೆಡ್ಡಿನ ಸುತ್ತ ಹ್ಯಾಂಗ ಕುಂತಾರ ನೋಡ್ರಿ."

ಅವರು ನೋಡಲಿಲ್ಲ. ಕೂಲಿಯವರ ಹೆಂಗಸರು ಹೊಟ್ಟೆಗೆ ಸರಿಯಾಗಿ ತಿನ್ನುವುದಿಲ್ಲ, ಅದಕ್ಕೆ ತಾನೇನು ಮಾಡಲಿ ಎಂದರು. ನೀಲಾಬಾಯಿಗೆ ತಡೆಯಲಾಗಲಿಲ್ಲ. ಅತ್ಯಂತ ಒಳಗಿನ, ಶೆಡ್ಡಿಗೆ ತೀರ ಹತ್ತಿರದ ಚುಕ್ಕೆಯನ್ನು ಒತ್ತಿದಳು. ಹೆಸರು, ತವರೂರು, ಗಂಡನ ಮನೆಯವರ ಹೆಸರು ತೆರೆದುಕೊಂಡವು.  ಓದಿದವಳು ದನಿ ತಗ್ಗಿಸಿ ಕೇಳಿದಳು.

"ನಿಮ್ಮ ಸೊಸಿ ತಿಕೋಟಾದ ತವರಿಗೆ ಹೋಗಿ ಎಷ್ಟ ದಿವಸಾತು?"

ಸಂಗನಬಸವರು ಕೈ ಚಾಚಿ ಮೊಬೈಲು ತೆಗೆದುಕೊಂಡರು. ಆ ಹೆಸರನ್ನು ತುಂಬ ಹೊತ್ತು ನೋಡಿದರು. ಆಮೇಲೆ ಸುತ್ತಿಟ್ಟ ಬಲೆಗಳ ಮೇಲೆ ಕುಸಿದು ಕೂತರು. ಗಂಡು ಕೂಸಾಗಿತ್ತು, ಪೂರ್ತಿ ಬೆಳೆದಿತ್ತು, ಅಳಲಿಲ್ಲ ಎಂದರು. ಹರಕೆ ಹೊತ್ತಿದ್ದನ್ನೂ, ಸೊಸೆಯ ಮೇಲೆ ಯಾರದೋ ಕಣ್ಣು ಬಿದ್ದಿದೆ ಎಂದು ತಾಯತ ಕಟ್ಟಿಸಿದ್ದನ್ನೂ ಹೇಳಿದರು. ಶೆಡ್ಡಿನ ಹೊಗೆ ಮನೆಯ ಕಿಟಕಿಗೆ ಬರುತ್ತದೆ ಎಂದು ಸೊಸೆ ದೂರಿದಾಗ ಗದರಿದ್ದೂ ತಾವೇ ಎಂದರು.

"ಹೊಗಿಯಿಂದ ಏನೂ ಆಗಂಗಿಲ್ಲ ಅಂತ ಹೇಳಿದ್ರು. ತಿಳಿದವರು, ಓದಿದವರು. ಅದ ಧೈರ್ಯದ ಮ್ಯಾಲ ಕೊಟ್ಟೆ. ಶೆಡ್ಡ ಬಾಡಿಗಿ ಹಿಡಿದಾಕಿನೂ ಆಕಿನ, ನನ್ನ ಸೊಸಿಗೆ ಮದ್ದ ಕೊಟ್ಟಾಕಿನೂ ಆಕಿನ."

"ಯಾಕಿ?"

ಸಂಗನಬಸವರು ಬಾಯಿ ತೆರೆಯುವಷ್ಟರಲ್ಲಿ ಅವರ ಕೈಯಲ್ಲಿದ್ದ ಮೊಬೈಲು ಬಡಿದುಕೊಂಡಿತು. ಪರಮೇಶ್ವರ. ನೀಲಾಬಾಯಿ ಬೈಯುತ್ತಲೇ ಕಿತ್ತುಕೊಂಡಳು.

"ಮೇಡಂ, ಚುಕ್ಕಿ ವಾಪಸ್ ಹೊಂಟಾವ್ರಿ. ನಾ ಸರಿಸಿದ್ದೆಲ್ಲಾ ಒಂದೊಂದ ತವರಿಗೆ ಹೊಂಟಾವ. ನಾ ಕೈ ಹಚ್ಚಿಲ್ಲ. ಬ್ಯಾರೆ ಯಾರೋ ಈಗ, ಕುಂತಲ್ಲೇ ಮಾಡಾಕತ್ತಾರ."

"ಯಾರು? ಅದರಾಗ ಹೆಸರು ಬರಂಗಿಲ್ಲೇನು?"

"ಬರ್ತದರಿ," ಎಂದ ಪರಮೇಶ್ವರ. "ಡಾಕ್ಟರ ಬಾಯಾರ ಹೆಸರ ಬರಾಕತ್ತದ. ಘೋಣಸಗಿದ ಚುಕ್ಕಿ ಒಂದ ಮಾತ್ರ ಸರಿಸಿಲ್ರಿ. ಪೂರ್ತಿ ಅಳಿಸಿಬಿಟ್ಟಾರ."

ಸಂಗನಬಸವರು ನೆಲ ನೋಡುತ್ತ ತಲೆ ಆಡಿಸಿದರು. ಹೌದು, ಆಕೆಯೇ.

ನೀಲಾಬಾಯಿ ಡಾಕ್ಟರ ನಂಬರು ಒತ್ತಿದಳು. ಗಂಟೆ ಹೋಯಿತು. ಗಾಡಿ ಓಡುತ್ತಿರುವ ಸದ್ದಿನ ಹಿಂದಿನಿಂದ ಅದೇ ಮೆತ್ತಗಿನ ದನಿ ಬಂತು.

"ಹೇಳ್ರಿ ಅಕ್ಕಾರ."

"ಗೀತಾಂಜಲಿ ಎಲ್ಲಿ ಅದಾಳ?"

"ನನ್ನ ಬಾಜೂಕನ ಅದಾಳರಿ. ಬೋರವ್ವ ಬರ್ತೀನಿ ಅಂದ್ಲು, ಕುರಿ ಯಾರ ನೋಡ್ಬೇಕು, ನೀ ಇರು ಅಂತ ಹೇಳಿ ಬಂದೀನಿ."

"ಆಕಿ ಕೈಯಾಗ ಫೋನ್ ಕೊಡ್ರಿ. ಈಗ ಕೊಡ್ರಿ."

ಆ ಕಡೆ ಗಾಡಿಯ ಕಿಟಕಿ ಏರಿಸಿದ ಸದ್ದು ಕೇಳಿಸಿತು.

"ಭಾಳ ಗಾಬರಿ ಮಾಡ್ಕೊಂಡಿದ್ಲು, ಪಾಪ," ಎಂದಳು ಡಾಕ್ಟರ್ ವಿಜಯಲಕ್ಷ್ಮೀ. "ನೀವ ಹೇಳೀರಂತ ನಾ ಕೈ ನೀಡು ಅಂದ ಕೂಡಲೆ ನೀಡಿದ್ಲು. ಒಂದ ಸೂಜಿ ಮಾಡೀನಿ, ಮಲಗ್ಯಾಳರಿ."